ಗೋದಾಮಿನ ಅಟ್ಟ ಮಾರಾಟಕ್ಕಿದೆ: ಕೊಳ್ಳುವ ಮೊದಲು ಪರಿಶೀಲಿಸಬೇಕಾದ ಸಂಗತಿಗಳು

"ಮುಖ್ಯರಸ್ತೆಗೆ ಸಮೀಪ. ಎತ್ತರದ ಗೋದಾಮು ಕಟ್ಟಡ, ಒಳಗೆ ಸುಸಜ್ಜಿತ ಮೇಲಂತಸ್ತು. ಕಚೇರಿ, ಪ್ರದರ್ಶನ ಮಳಿಗೆ, ವಾಸ ಮೂರಕ್ಕೂ ಯೋಗ್ಯ. ಭಾಗಗಳಾಗಿ ಮಾರಾಟಕ್ಕಿದೆ." ಹೊಸಕೋಟೆಯಿಂದ ಮಾಲೂರಿನ ಕಡೆಗಿರುವ ಜಡಿಗೇನಹಳ್ಳಿ ಹೋಬಳಿಯಲ್ಲಿ ಜಾಗ ಅರಸುತ್ತಿರುವ ವರ್ತಕರಿಗೆ ಈ ಧಾಟಿಯ ಮಾತು ಹೊಸದಲ್ಲ. ನಗರದೊಳಗೆ ಮಳಿಗೆಯೊಂದರ ಬಾಡಿಗೆ, ಹೊರಗೆ ದಾಸ್ತಾನಿನ ಬಾಡಿಗೆ, ಇವೆರಡರ ನಡುವೆ ದಿನವೂ ಸಾಗಣೆಯ ಖರ್ಚು ಹೊರುತ್ತಿರುವ ಸಣ್ಣ ಉದ್ಯಮಿಗೆ ಎಲ್ಲವೂ ಒಂದೇ ಸೂರಿನಡಿ ದೊರೆಯುತ್ತದೆಂದರೆ ಆಸೆಯಾಗುವುದು ಸಹಜ. ಆದರೆ ಗೋದಾಮೆಂದು ಕಟ್ಟಿದ ಕಟ್ಟಡ ಕಚೇರಿಯಾಗಿ, ಅಂಗಡಿಯಾಗಿ, ಮನೆಯಾಗಿ ಬದಲಾಗುವಾಗ ಭೂಮಿಯ ಕಾಗದ, ಉಕ್ಕಿನ ಚೌಕಟ್ಟು, ಬೆಂಕಿಯ ನಿಯಮ, ವಿಮೆಯ ಪಾಲಿಸಿ ಎಲ್ಲವೂ ಬದಲಾಗಬೇಕಾಗುತ್ತದೆ. ಮಾರುವವರು ಬದಲಾಯಿಸಿರುವುದು ಸಾಮಾನ್ಯವಾಗಿ ಒಳಗಿನ ಬಣ್ಣವನ್ನು ಮಾತ್ರ.

ಗೋದಾಮನ್ನು ವಾಸಕ್ಕೂ ಕೆಲಸಕ್ಕೂ ಒಗ್ಗಿಸಿಕೊಳ್ಳುವ ಈ ರೂಢಿಗೆ ಇಂದಿನ ಮೆರುಗು ಬಂದದ್ದು ನ್ಯೂಯಾರ್ಕ್ ನಗರದ ಸೋಹೋ ಬಡಾವಣೆಯಿಂದ. ಅಲ್ಲಿನ ಎರಕದ ಕಬ್ಬಿಣದ ಮುಂಭಾಗವುಳ್ಳ ಹಳೆಯ ಕಟ್ಟಡಗಳಲ್ಲಿದ್ದ ಸಿದ್ಧ ಉಡುಪು ಹಾಗೂ ಸಣ್ಣ ಕೈಗಾರಿಕೆಗಳು ಎರಡನೆಯ ಮಹಾಯುದ್ಧದ ತರುವಾಯ ಒಂದೊಂದಾಗಿ ಬೇರೆಡೆಗೆ ಹೋದವು. ಖಾಲಿ ಬಿದ್ದ ಅಂತಸ್ತುಗಳನ್ನು ಕಲಾವಿದರು ಅಗ್ಗದ ಬಾಡಿಗೆಗೆ ಹಿಡಿದು, ನಿಯಮಕ್ಕೆ ವಿರುದ್ಧವಾಗಿಯೇ ಅಲ್ಲಿ ವಾಸಿಸತೊಡಗಿದರು. ನಗರಾಡಳಿತವು 1971ರಲ್ಲಿ ವಲಯ ನಿಯಮಗಳನ್ನು ತಿದ್ದಿ ಕಲಾವಿದರ ವಾಸಕ್ಕೆ ಅವಕಾಶ ನೀಡಿತು. ಉಳಿದ ಗೋದಾಮುವಾಸಿಗಳ ರಕ್ಷಣೆಗಾಗಿ 1982ರಲ್ಲಿ ಪ್ರತ್ಯೇಕ ಕಾನೂನೇ ಬಂದಿತು. ಮಾಲೀಕನು ಕಟ್ಟಡವನ್ನು ಅಗ್ನಿಸುರಕ್ಷತೆಯ ಹಾಗೂ ವಾಸಯೋಗ್ಯತೆಯ ಮಟ್ಟಕ್ಕೆ ತರಬೇಕೆಂಬುದು ಆ ಕಾನೂನಿನ ತಿರುಳು. ಸೊಗಸು ಮೊದಲು ಬಂದಿತು, ಸಕ್ರಮವಾಗಲು ಹತ್ತಾರು ವರ್ಷ ಹಿಡಿಯಿತು.

ನಮ್ಮ ಪೇಟೆಗಳಿಗೂ ಇದು ತೀರ ಅಪರಿಚಿತವಲ್ಲ. ಬೆಂಗಳೂರಿನ ಚಿಕ್ಕಪೇಟೆ, ತರಗುಪೇಟೆಗಳ ಹಳೆಯ ಮಂಡಿಗಳಲ್ಲಿ ಮುಂದೆ ಗದ್ದುಗೆ, ಹಿಂದೆ ದಾಸ್ತಾನು, ಮೇಲೆ ಅಟ್ಟ, ಅದರ ಮೇಲೆ ಸಂಸಾರ ಎಂಬ ವ್ಯವಸ್ಥೆ ಇದ್ದೇ ಇತ್ತು. ಆದರೆ ಅಲ್ಲಿನ ಗೋಡೆಗಳು ದಪ್ಪ, ತೊಲೆಗಳು ಮರದವು, ಅಟ್ಟದ ಮೇಲೆ ಎಷ್ಟು ಮೂಟೆ ಏರಿಸಬಹುದೆಂಬುದು ಮನೆಯ ಹಿರಿಯರಿಗೆ ತಿಳಿದಿರುತ್ತಿತ್ತು. ಇಂದು ಹೆದ್ದಾರಿಯ ಬದಿಯಲ್ಲಿ ಕಾಣುವ ತಗಡಿನ ಹೊದಿಕೆಯ ಗೋದಾಮು ಬೇರೆಯೇ ಜಾತಿಯದು.

ಜಡಿಗೇನಹಳ್ಳಿಗೆ ಬೇಡಿಕೆ ಬಂದ ಬಗೆ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವವರೆಗೆ, ಅಂತರರಾಜ್ಯ ಮಾರಾಟದ ಮೇಲಿನ ಕೇಂದ್ರ ಮಾರಾಟ ತೆರಿಗೆಯನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದರಂತೆ ಸಣ್ಣ ಡಿಪೋಗಳನ್ನು ಇಟ್ಟುಕೊಂಡಿದ್ದವು. ಆ ತೆರಿಗೆ ಹೋದಮೇಲೆ ಗೋದಾಮು ಎಲ್ಲಿರಬೇಕೆಂಬುದನ್ನು ತೆರಿಗೆಯ ಲೆಕ್ಕಕ್ಕಿಂತ ರಸ್ತೆಯ ಲೆಕ್ಕವೇ ನಿರ್ಧರಿಸತೊಡಗಿತು. ದೊಡ್ಡ ಅಳತೆಯ ಒಂದೇ ಗೋದಾಮಿನಿಂದ ಹಲವು ರಾಜ್ಯಗಳಿಗೆ ಸರಕು ಕಳಿಸುವುದು ಲಾಭಕರವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸರಕು ಸಾಗಣೆ ಹಾಗೂ ಗೋದಾಮು ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನವೂ ದೊರೆಯಿತು. ಅದಕ್ಕೆ ಕನಿಷ್ಠ 25 ಕೋಟಿ ರೂ. ಹೂಡಿಕೆ ಹಾಗೂ 1 ಲಕ್ಷ ಚದರ ಅಡಿ ವಿಸ್ತೀರ್ಣದ ಷರತ್ತಿದ್ದುದರಿಂದ ಸಾಲದ ಅನುಕೂಲ ದೊಡ್ಡವರ ಪಾಲಾಯಿತು.

ಹೊಸಕೋಟೆಗೆ ಚೆನ್ನೈ ಕಡೆಯ ರಾಷ್ಟ್ರೀಯ ಹೆದ್ದಾರಿ 75 ಇದೆ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋ ದೂರವೇನಲ್ಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳಿಂದ ಹೊಸಕೋಟೆಗೆ ಬರುವ ಉಪನಗರ ವರ್ತುಲ ರಸ್ತೆಯೂ, ಹೊಸಕೋಟೆಯಿಂದಲೇ ಆರಂಭವಾಗಿ ಮಾಲೂರು, ಬಂಗಾರಪೇಟೆಗಳ ಮಗ್ಗುಲಿನಲ್ಲಿ ಸಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯೂ ಈ ಭಾಗದ ನಕ್ಷೆಯನ್ನೇ ಬದಲಿಸಿವೆ. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಪೂರ್ವಕ್ಕೆ ಇದ್ದರೆ ಬೆಂಗಳೂರಿನ ಬಳಕೆದಾರರು ಪಶ್ಚಿಮಕ್ಕೆ. ನಡುವಿನ ರಾಗಿ ಹೊಲಗಳೂ ನೀಲಗಿರಿ ತೋಪುಗಳೂ ಗೋದಾಮುಗಳಾದುದರಲ್ಲಿ ಆಶ್ಚರ್ಯವಿಲ್ಲ. ಇಡೀ ಗೋದಾಮಿಗೆ ಒಬ್ಬನೇ ಗಿರಾಕಿ ಸಿಗದಿದ್ದಾಗ ಮಾಲೀಕರಿಗೆ ಹೊಳೆಯುವ ದಾರಿಯೆಂದರೆ ಅದನ್ನು ತುಂಡು ಮಾಡಿ, ಒಳಗೆ ಅಟ್ಟ ಕಟ್ಟಿ, ಸಣ್ಣವರಿಗೆ ಮಾರುವುದು. ತೊಡಕು ಆರಂಭವಾಗುವುದು ಇಲ್ಲಿಂದ.

ಭೂಮಿಯ ಕಾಗದ

ಕಟ್ಟಡವನ್ನು ನೋಡುವ ಮೊದಲು ಸರ್ವೆ ನಂಬರನ್ನು ನೋಡಬೇಕು. ಕರ್ನಾಟಕ ಭೂಸುಧಾರಣಾ ಅಧಿನಿಯಮದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕೈಬಿಟ್ಟ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಇದನ್ನು ಕೇಳಿ ಅನೇಕರು ಭೂಪರಿವರ್ತನೆಯ ಗೊಡವೆಯೇ ಇಲ್ಲವೆಂದು ಭಾವಿಸಿದ್ದಾರೆ. ಅದು ತಪ್ಪು. ಕೊಳ್ಳುವ ಹಕ್ಕು ಬೇರೆ, ಕೃಷಿಯೇತರ ಬಳಕೆಯ ಅನುಮತಿ ಬೇರೆ. ಎರಡನೆಯದು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಕಲಮಿಗೆ ಸಂಬಂಧಿಸಿದ್ದು.

ಪರಿವರ್ತನೆಯ ಆದೇಶ ಇದೆಯೇ ಎಂದು ಕೇಳಿದರೆ ಸಾಲದು. ಯಾವ ಉದ್ದೇಶಕ್ಕೆ ಎಂದು ಕೇಳಬೇಕು. ಆದೇಶದಲ್ಲಿ "ಕೈಗಾರಿಕೆ", "ವಾಣಿಜ್ಯ", "ವಾಸ" ಅಥವಾ "ಗೋದಾಮು" ಎಂದು ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಿರುತ್ತಾರೆ. ಅದನ್ನು ಮೀರಿದ ಬಳಕೆ ಷರತ್ತಿನ ಉಲ್ಲಂಘನೆ. ಜಾಹೀರಾತಿನಲ್ಲಿ "ಮೂರಕ್ಕೂ ಯೋಗ್ಯ" ಎಂದಿದ್ದು ಆದೇಶದಲ್ಲಿ ಒಂದೇ ಉದ್ದೇಶವಿದ್ದರೆ, ಉಳಿದೆರಡನ್ನು ಕೊಳ್ಳುವವನು ತನ್ನ ತಲೆಯ ಮೇಲೆ ಹೊತ್ತುಕೊಂಡಂತೆ. ಜೊತೆಗೆ ಆ ಸರ್ವೆ ನಂಬರು ಯಾವ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ, ಮಹಾಯೋಜನೆಯಲ್ಲಿ ಅದಕ್ಕೆ ಯಾವ ಬಣ್ಣ ಬಳಿದಿದ್ದಾರೆ ಎಂಬುದನ್ನೂ ನೋಡಬೇಕು. ಹಸಿರು ವಲಯದ ಜಮೀನಾಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14ಎ ಕಲಮಿನಂತೆ ಭೂಬಳಕೆ ಬದಲಾವಣೆಯೂ, 15ನೆಯ ಕಲಮಿನಂತೆ ಅಭಿವೃದ್ಧಿಯ ಅನುಮತಿಯೂ ಬೇಕಾಗುತ್ತದೆ.

ಈ ಭಾಗದಲ್ಲಿ ಅತ್ಯಂತ ಎಚ್ಚರಿಕೆಯಿಂದ ಶೋಧಿಸಬೇಕಾದದ್ದು ಮಂಜೂರಾತಿ ಜಮೀನಿನ ಪ್ರಶ್ನೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಅಧಿನಿಯಮ ನಿಷೇಧಿಸುತ್ತದೆ. ವರ್ತಕರ ವಲಯದಲ್ಲಿ ಇದನ್ನು ಪಿ.ಟಿ.ಸಿ.ಎಲ್. ಕಾಯಿದೆ ಎಂದೇ ಕರೆಯುವುದು ವಾಡಿಕೆ. ಜಮೀನನ್ನು ಹಿಂದಕ್ಕೆ ಪಡೆಯಲು ಅರ್ಜಿ ಸಲ್ಲಿಸಲು ಕಾಲಮಿತಿಯೇ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಅಂದರೆ ಮೂರು ಕೈ ಬದಲಾಗಿ, ಪರಿವರ್ತನೆಯಾಗಿ, ಮೇಲೆ ಕಟ್ಟಡವೆದ್ದಿದ್ದರೂ ಮೂಲ ಮಂಜೂರಾತಿದಾರನ ವಾರಸುದಾರರು ಬರಬಹುದು. ಅವರ ಹಕ್ಕು ನ್ಯಾಯವಾದದ್ದೇ. ಕೊಳ್ಳುವವನು ಹಳೆಯ ಕಡತ ನೋಡದೆ ಹಣ ಕೊಟ್ಟದ್ದಕ್ಕೆ ಅವರು ಹೊಣೆಯಲ್ಲ. ಆದ್ದರಿಂದ ಹದಿಮೂರು ವರ್ಷದ ಋಣಭಾರ ಪತ್ರ ತಂದು ತೃಪ್ತರಾಗಬಾರದು. ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಹಳೆಯ ಕೈಬರಹದ ಪಹಣಿಗಳು, ಮ್ಯುಟೇಷನ್ ದಾಖಲೆಗಳು, ಆಕಾರಬಂದ್, ಟಿಪ್ಪಣಿ ಇವನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ವಕೀಲರ ಮುಂದಿಡಬೇಕು. ಇದಕ್ಕೆ ತಿಂಗಳು ಹಿಡಿದರೂ ಚಿಂತೆಯಿಲ್ಲ. ಅವಸರಪಡಿಸುವ ದಲ್ಲಾಳಿಗೆ ಬೇರೆ ಗಿರಾಕಿ ಸಿಗಲಿ.

ಕೆರೆಯಂಗಳ, ರಾಜಕಾಲುವೆ, ಬಿ ಖರಾಬು, ಗುಂಡುತೋಪು ಇವುಗಳ ಮೇಲೆ ಕಟ್ಟಡದ ಮೂಲೆ ಚಾಚಿದೆಯೇ ಎಂಬುದನ್ನು ಗ್ರಾಮ ನಕಾಶೆಯೊಂದಿಗೆ ಹೋಲಿಸಿ ಅಳತೆ ಮಾಡಿಸಬೇಕು. ಗೋದಾಮುಗಳ ಲಾರಿ ಅಂಗಳಗಳು ಬಂಡಿದಾರಿಯನ್ನು ನುಂಗಿರುವುದುಂಟು. ಊರವರು ದಾರಿ ಕೇಳಿದ ದಿನ ಅಂಗಳ ಅರ್ಧವಾಗುತ್ತದೆ.

ಗ್ರಾಮ ಪಂಚಾಯಿತಿಯ ಕಾಗದಗಳಲ್ಲಿ ನಮೂನೆ 9 ಮತ್ತು ನಮೂನೆ 11ಎ ಒಂದು ಬಗೆ, ನಮೂನೆ 11ಬಿ ಮತ್ತೊಂದು ಬಗೆ. ಇ-ಸ್ವತ್ತು ತಂತ್ರಾಂಶದಲ್ಲಿ ಎರಡೂ ಅಚ್ಚುಕಟ್ಟಾಗಿಯೇ ಮುದ್ರಿತವಾಗಿ ಬರುತ್ತವೆ. 11ಬಿ ಕೊಟ್ಟ ಮಾತ್ರಕ್ಕೆ, ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಆ ಕಟ್ಟಡ ಸಕ್ರಮವಾಯಿತೆಂದು ಅರ್ಥವಲ್ಲ. ಇನ್ನು, ಯಂತ್ರ ಕೂರಿಸುವ ಸಣ್ಣ ಕೈಗಾರಿಕೋದ್ಯಮಿಗಳು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಕಲಮಿನ ಕಟ್ಟಡ ಅನುಮತಿಯ ಜೊತೆಗೆ 66ನೆಯ ಕಲಮಿನ ಅನುಮತಿಯೂ ಬೇಕೆಂಬುದನ್ನು ಮರೆಯಬಾರದು. ಗೋದಾಮಿಗೆ ಸಿಕ್ಕ ಅನುಮತಿ ಕಾರ್ಖಾನೆಗೆ ಒದಗುವುದಿಲ್ಲ.

ತುಂಡು ಮಾಡಿ ಮಾರಿದಾಗ ಕೊಳ್ಳುವುದೇನನ್ನು?

ಇಡೀ ಗೋದಾಮನ್ನು ಕೊಂಡವನಿಗೆ ನೆಲವೂ ಸೂರೂ ತನ್ನದು. ಆರನೆಯ ಒಂದು ಭಾಗ ಕೊಂಡವನಿಗೆ? ಸೂರು ಒಂದೇ, ಕಂಬಗಳ ಸಾಲು ಒಂದೇ, ಲಾರಿ ನಿಲ್ಲುವ ಅಂಗಳ ಒಂದೇ. ಕ್ರಯಪತ್ರದಲ್ಲಿ ಭೂಮಿಯ ಅವಿಭಾಜ್ಯ ಪಾಲು ಎಷ್ಟೆಂದು ಬರೆದಿಲ್ಲದಿದ್ದರೆ ಕೊಂಡದ್ದು ನಾಲ್ಕು ಗೋಡೆಯ ನಡುವಿನ ಗಾಳಿ ಮಾತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ ಮುಖ್ಯವಾಗಿ ವಾಸದ ಕಟ್ಟಡಗಳಿಗಾಗಿ ಇರುವಂಥದು. ವಾಣಿಜ್ಯ ಕಟ್ಟಡದ ಪಾಲುದಾರರು ಅದರ ಆಸರೆಯನ್ನು ನೆಚ್ಚಿಕೊಳ್ಳಲಾಗದು. ಹಾಗಾಗಿ ಸಾಮಾನ್ಯ ಭಾಗಗಳ ಹಕ್ಕು, ನಿರ್ವಹಣೆಯ ವೆಚ್ಚ, ಸೂರು ಸೋರಿದರೆ ಯಾರು ಸರಿಪಡಿಸಬೇಕು ಎಂಬುದೆಲ್ಲವನ್ನೂ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಅಂಗಳದ ವಿಚಾರವನ್ನಂತೂ ನಕ್ಷೆ ಸಹಿತ ಬರೆಸಬೇಕು. ನಲವತ್ತು ಅಡಿಯ ಕಂಟೇನರ್ ಹೊತ್ತ ವಾಹನ ಎಂಜಿನ್ ಸಹಿತ ಹದಿನೈದು ಮೀಟರ್ ಮೀರುತ್ತದೆ. ಅದು ತಿರುಗಲು ಜಾಗವಿಲ್ಲದಿದ್ದರೆ ಒಳಗೆ ಎಷ್ಟು ಚದರ ಅಡಿ ಇದ್ದರೂ ಪ್ರಯೋಜನವಿಲ್ಲ. ಒಬ್ಬರ ಲಾರಿ ಇಳಿಸುವಾಗ ಐವರು ಕಾಯುವಂತಾದರೆ ಮೊದಲ ವರ್ಷದಲ್ಲೇ ಜಗಳ.

ಸ್ಥಿರಾಸ್ತಿ ನಿಯಂತ್ರಣ ಅಧಿನಿಯಮ, 2016 (ರೇರಾ) ಮನೆಗಳಿಗೆ ಮಾತ್ರ ಎಂಬ ನಂಬಿಕೆ ನಮ್ಮ ಸದಸ್ಯರಲ್ಲಿ ವ್ಯಾಪಕವಾಗಿದೆ. ಆ ಅಧಿನಿಯಮದಲ್ಲಿ "ಅಪಾರ್ಟ್‌ಮೆಂಟ್" ಎಂಬ ಪದದ ವ್ಯಾಖ್ಯೆಯಲ್ಲಿ ಕಚೇರಿ, ಮಳಿಗೆ, ಪ್ರದರ್ಶನಾಲಯ, ಗೋದಾಮು ಎಲ್ಲವೂ ಸೇರಿವೆ. ಇರುವ ಕಟ್ಟಡವನ್ನು ಅಥವಾ ಅದರ ಭಾಗವನ್ನು ಇಂಥ ಘಟಕಗಳಾಗಿ ಮಾರ್ಪಡಿಸಿ ಮಾರುವುದೂ "ಯೋಜನೆ"ಯೇ. ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಘಟಕಗಳು ಎಂಟನ್ನು ಮೀರದಿದ್ದರೆ ನೋಂದಣಿಯಿಂದ ವಿನಾಯಿತಿ ಇದೆ. ಗೋದಾಮನ್ನು ಆರು ಅಥವಾ ಎಂಟು ಭಾಗಗಳಾಗಿಯೇ ಮಾಡುವ ಒಲವಿಗೆ ಇದೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ. ನೋಂದಾಯಿತ ಯೋಜನೆಯಾದರೆ ಕೊಳ್ಳುವವನಿಗೆ ಲಾಭ ಹೆಚ್ಚು: ಕರಾರು ನೋಂದಾಯಿಸದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ವಿಸ್ತೀರ್ಣವನ್ನು ಕಾರ್ಪೆಟ್ ಲೆಕ್ಕದಲ್ಲಿ ಹೇಳಬೇಕು, ಕಟ್ಟಡದ ರಚನೆಯ ದೋಷ ಸ್ವಾಧೀನದ ನಂತರ ಐದು ವರ್ಷದೊಳಗೆ ಕಂಡರೆ ಪ್ರವರ್ತಕನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.

ಅಟ್ಟದ ತೂಕ

ಇಂದಿನ ಬಹುತೇಕ ಗೋದಾಮುಗಳು ಕಾರ್ಖಾನೆಯಲ್ಲಿ ತಯಾರಾಗಿ ಬಂದು ಸ್ಥಳದಲ್ಲಿ ಜೋಡಿಸಿದ ಉಕ್ಕಿನ ಚೌಕಟ್ಟಿನವು. ಇವುಗಳ ಅಗ್ಗಕ್ಕೂ ಹಗುರಕ್ಕೂ ಕಾರಣ ಒಂದೇ. ಚೌಕಟ್ಟಿನ ಪ್ರತಿ ಭಾಗವನ್ನೂ ಅದು ಹೊರಬೇಕಾದ ಭಾರಕ್ಕೆ ತಕ್ಕಷ್ಟೇ ದಪ್ಪದಲ್ಲಿ ಮಾಡಿರುತ್ತಾರೆ. ಸೂರಿನ ತಗಡು, ಗಾಳಿಯ ಒತ್ತಡ, ದುರಸ್ತಿಗೆ ಹತ್ತುವ ಕೆಲವು ಆಳುಗಳು, ಇಷ್ಟೇ ಲೆಕ್ಕ. ಇಂಥ ಚೌಕಟ್ಟಿಗೆ ಆನಂತರ ಅಟ್ಟವನ್ನು ಬೆಸೆದು ನೇತುಹಾಕುವುದೆಂದರೆ ಲೆಕ್ಕದಲ್ಲಿಲ್ಲದ ಭಾರ ಹೊರಿಸಿದಂತೆ. ಅಟ್ಟಕ್ಕೆ ತನ್ನದೇ ಕಂಬಗಳು, ತನ್ನದೇ ತಳಪಾಯ ಇರುವುದು ಸುರಕ್ಷಿತ. ಆ ಕಂಬಗಳಡಿ ಬರಿಯ ನೆಲಗಟ್ಟಿನ ಕಾಂಕ್ರೀಟು ಇದೆಯೋ ತಳಪಾಯ ಇದೆಯೋ ಎಂಬುದನ್ನು ಅಗೆದು ನೋಡಿಯೇ ತಿಳಿಯಬೇಕು.

ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗ ಇಲ್ಲಿ ನಮಗೆ ಮಾರ್ಗದರ್ಶಿ. ಪ್ರತ್ಯೇಕ ದಾಸ್ತಾನು ಕೊಠಡಿಯುಳ್ಳ ಕಚೇರಿಯ ನೆಲ ಪ್ರತಿ ಚದರ ಮೀಟರಿಗೆ 2.5 ಕಿಲೋನ್ಯೂಟನ್ ಭಾರ ತಾಳಬೇಕು. ಇದು ಸುಮಾರು 255 ಕಿಲೋಗ್ರಾಂ, ಅಂದರೆ ಚದರ ಅಡಿಗೆ 24 ಕಿಲೋ. ಚಿಲ್ಲರೆ ಅಂಗಡಿಗೆ 4 ಕಿಲೋನ್ಯೂಟನ್. ಗೋದಾಮಿಗಾದರೆ ಸರಕು ಪೇರಿಸುವ ಎತ್ತರದ ಪ್ರತಿ ಮೀಟರಿಗೆ 2.4 ಕಿಲೋನ್ಯೂಟನ್, ಕನಿಷ್ಠ 7.5. ಐದು ಮೀಟರ್ ಎತ್ತರ ಪೇರಿಸುವ ನೆಲಕ್ಕೆ 12 ಕಿಲೋನ್ಯೂಟನ್, ಅಂದರೆ ಚದರ ಅಡಿಗೆ ಸುಮಾರು 114 ಕಿಲೋ ಬೇಕಾಯಿತು. ಕಚೇರಿಯ ಅಟ್ಟಕ್ಕೂ ದಾಸ್ತಾನಿನ ನೆಲಕ್ಕೂ ಇರುವ ಅಂತರ ಇದು. ಬರೆಯುವ ಕಾಗದದ ಕಟ್ಟುಗಳನ್ನು ಒಂದು ಮೀಟರ್ ಎತ್ತರಕ್ಕೆ ಒತ್ತಾಗಿ ಜೋಡಿಸಿದರೆ ಚದರ ಮೀಟರಿಗೆ 700 ಕಿಲೋ ದಾಟುತ್ತದೆ. ಮೇಜು ಕುರ್ಚಿಗೆಂದು ಕಟ್ಟಿದ ಅಟ್ಟ ಅದನ್ನು ಹೊರಲಾರದು.

ಈ ಲೇಖಕನ ಪರಿಚಯದ ಪ್ಯಾಕಿಂಗ್ ಸಾಮಗ್ರಿ ವರ್ತಕರೊಬ್ಬರು ಇಂಥದೇ ಅಟ್ಟದ ಮೇಲೆ ಹಬ್ಬದ ಮುಂಚಿನ ದಾಸ್ತಾನು ಏರಿಸಿದ್ದರು. ವಾರದ ನಂತರ ಕೆಳಗಿನ ರೋಲಿಂಗ್ ಷಟರ್ ಏಳಲಿಲ್ಲ. ಷಟರ್ ಕೆಟ್ಟಿದೆಯೆಂದು ಮೆಕ್ಯಾನಿಕ್ಕನ್ನು ಕರೆಸಿದರು. ಕೆಟ್ಟಿದ್ದು ಷಟರಲ್ಲ, ಮೇಲಿನ ತೊಲೆ ಎರಡು ಅಂಗುಲ ಬಾಗಿ ಅದರ ಚೌಕಟ್ಟನ್ನು ಅದುಮಿತ್ತು. ರಾತ್ರೋರಾತ್ರಿ ಸರಕು ಇಳಿಸಿದರು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಾರಿದವರನ್ನು ಕೇಳಿದಾಗ ಬಂದ ಉತ್ತರ: "ನಾವು ಕಚೇರಿಗೆಂದು ಕೊಟ್ಟದ್ದು." ಕ್ರಯಪತ್ರದಲ್ಲಿ ಭಾರದ ಮಿತಿಯ ಒಂದು ಸಾಲೂ ಇರಲಿಲ್ಲ.

ಆದ್ದರಿಂದ ಅರ್ಹ ಸ್ಟ್ರಕ್ಚರಲ್ ಎಂಜಿನಿಯರರ ಸಹಿಯುಳ್ಳ ಭಾರ ಪ್ರಮಾಣಪತ್ರವನ್ನೂ ಮೂಲ ವಿನ್ಯಾಸ ನಕ್ಷೆಯನ್ನೂ ಮುಂಗಡ ಕೊಡುವ ಮೊದಲೇ ಕೇಳಬೇಕು. ಅಟ್ಟದ ವಿಸ್ತೀರ್ಣ ಮಂಜೂರಾದ ನಕ್ಷೆಯಲ್ಲಿ ಇದೆಯೇ ಎಂಬುದೂ ಅಷ್ಟೇ ಮುಖ್ಯ. ನಕ್ಷೆಯಲ್ಲಿಲ್ಲದ 1,500 ಚದರ ಅಡಿ ಅಟ್ಟಕ್ಕೆ ಚದರ ಅಡಿಯ ಲೆಕ್ಕದಲ್ಲಿ ಹಣ ಕೊಡುವುದು, ನಾಳೆ ಕೆಡವಬೇಕಾಗಬಹುದಾದ ವಸ್ತುವಿಗೆ ಹಣ ಕೊಟ್ಟಂತೆ.

ಬೆಂಕಿಯ ಲೆಕ್ಕ

2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿಯ ಮೇಲಿನ ಉಪಾಹಾರ ಗೃಹಗಳಲ್ಲಿ ಬೆಂಕಿ ಹೊತ್ತಿ 14 ಮಂದಿ ಸತ್ತರು. ಹಳೆಯ ಗಿರಣಿಯ ಆವರಣ ಮನರಂಜನೆಯ ತಾಣವಾಗಿ ಮಾರ್ಪಟ್ಟಿತ್ತು. ಜನ ಸೇರುವ ಬಗೆ ಬದಲಾಗಿತ್ತು, ಹೊರದಾರಿಗಳು ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ನಮ್ಮ ನೆರೆಯ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಪಟಾಕಿ ದಾಸ್ತಾನಿದ್ದ ಮಳಿಗೆ–ಗೋದಾಮಿಗೆ ಬೆಂಕಿ ತಗುಲಿ ಹದಿನಾಲ್ಕಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ವ್ಯಾಪಾರಕ್ಕೆ ದಿನಗೂಲಿಗೆ ಬಂದ ಹುಡುಗರು.

ಬಳಕೆ ಬದಲಾದರೆ ಬೆಂಕಿಯ ನಿಯಮ ಏಕೆ ಬದಲಾಗಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದು ಜಾಗದಲ್ಲಿ ಎಷ್ಟು ಜನರಿರಬಹುದೆಂದು ಊಹಿಸಿ ಹೊರದಾರಿಗಳ ಅಗಲವನ್ನು ನಿಗದಿಪಡಿಸುತ್ತದೆ. ಗೋದಾಮಿನಲ್ಲಿ 30 ಚದರ ಮೀಟರಿಗೆ ಒಬ್ಬ, ಕಚೇರಿಯಲ್ಲಿ 10 ಚದರ ಮೀಟರಿಗೆ ಒಬ್ಬ, ನೆಲ ಅಂತಸ್ತಿನ ಮಾರಾಟ ಮಳಿಗೆಯಲ್ಲಿ 3 ಚದರ ಮೀಟರಿಗೆ ಒಬ್ಬ. 10,000 ಚದರ ಅಡಿ, ಅಂದರೆ 929 ಚದರ ಮೀಟರಿನ ಕಟ್ಟಡ ಗೋದಾಮಾಗಿದ್ದಾಗ 31 ಜನರ ಲೆಕ್ಕ. ಕಚೇರಿಯಾದರೆ 93. ಮಾರಾಟ ಮಳಿಗೆಯಾದರೆ 310. ಮೂವತ್ತೊಂದು ಜನರಿಗೆಂದು ಇಟ್ಟ ಎರಡು ಬಾಗಿಲು ಮುನ್ನೂರ ಹತ್ತು ಜನರಿಗೆ ಸಾಲದು. ಜೊತೆಗೆ ಅಟ್ಟಕ್ಕೆ ಒಂದೇ ಕಬ್ಬಿಣದ ಏಣಿಮೆಟ್ಟಿಲು, ಅದೂ ದಾಸ್ತಾನಿನ ನಡುವಿನಿಂದಲೇ ಹತ್ತುವಂಥದು! ಹೊಗೆ ಮೇಲಕ್ಕೇ ಏರುತ್ತದೆ. ಮೇಲಿರುವವರು ಹೊಗೆಯೊಳಗಿಂದಲೇ ಕೆಳಗಿಳಿಯಬೇಕು.

ಅಟ್ಟದ ಮೇಲೆ ಕಾವಲುಗಾರನ ಸಂಸಾರವನ್ನೋ ಕೆಲಸದ ಹುಡುಗರನ್ನೋ ಮಲಗಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹೊರಗಿನಿಂದ ಷಟರ್ ಎಳೆದು ಬೀಗ ಹಾಕುವುದೂ ಉಂಟು. ಇದನ್ನು ನಿಲ್ಲಿಸಲೇಬೇಕು. ಜಾಹೀರಾತಿನ "ವಾಸಕ್ಕೂ ಯೋಗ್ಯ" ಎಂಬ ಮಾತನ್ನು ನಂಬಿ ದಾಸ್ತಾನಿನ ಮೇಲೆ ಮನುಷ್ಯರನ್ನು ಮಲಗಿಸುವುದಾದರೆ, ಹೊರಗೋಡೆಯ ಮೂಲಕ ನೇರ ಬಯಲಿಗೆ ಇಳಿಯುವ ಎರಡನೆಯ ಮೆಟ್ಟಿಲು, ದಾಸ್ತಾನಿಗೂ ವಾಸಕ್ಕೂ ನಡುವೆ ಬೆಂಕಿ ತಡೆಯುವ ಗೋಡೆ ಮತ್ತು ನೆಲ ಇಲ್ಲದೆ ಆಗದು. ಇವನ್ನೆಲ್ಲ ಮಾಡಿಸುವ ಖರ್ಚಿನಲ್ಲಿ ಪಕ್ಕದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿಯಬಹುದು.

ವಿದ್ಯುತ್ತಿನ ವಿಷಯದಲ್ಲಿ ಒಂದು ಹೊಸ ಸಂಗತಿ. ಸ್ವಾಧೀನಾನುಭವ ಪ್ರಮಾಣಪತ್ರ ಅಥವಾ ಪೂರ್ಣತಾ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿತು. 2025ರಲ್ಲಿ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು ಅದನ್ನು ಜಾರಿಗೆ ತಂದಾಗ ಸಿದ್ಧ ಕಟ್ಟಡಗಳು ಕತ್ತಲಲ್ಲಿ ಉಳಿದವು. ಸಣ್ಣ ನಿವೇಶನದ ಮನೆಗಳಿಗೆ ಸರ್ಕಾರ ಆನಂತರ ಸಡಿಲಿಕೆ ತಂದಿತಾದರೂ ಗೋದಾಮಿನ ತುಂಡುಗಳಿಗೆ ಆ ಸಡಿಲಿಕೆಯನ್ನು ನೆಚ್ಚಿ ಕೂರಲಾಗದು. "ಮೀಟರ್ ಆಮೇಲೆ ಬೇರೆ ಮಾಡಿಸಿಕೊಳ್ಳಿ" ಎಂಬ ಮಾರಾಟಗಾರನ ಮಾತು ಈಗ ಹಿಂದಿನಷ್ಟು ಹಗುರವಲ್ಲ. ಪ್ರತ್ಯೇಕ ಮೀಟರ್, ಅದರ ಮಂಜೂರಾದ ಲೋಡ್, ದರದ ವರ್ಗ ವಾಣಿಜ್ಯವೋ ಕೈಗಾರಿಕೆಯೋ ಎಂಬುದನ್ನು ಬಿಲ್ಲಿನಲ್ಲಿ ನೋಡಿಯೇ ಮುಂದುವರಿಯಬೇಕು.

ತೆರಿಗೆ, ಶುಲ್ಕ, ವಿಮೆ

ಪೂರ್ಣತಾ ಪ್ರಮಾಣಪತ್ರ ಪಡೆದ ಕಟ್ಟಡದ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ಮುದ್ರಾಂಕ ಹಾಗೂ ನೋಂದಣಿ ಶುಲ್ಕ ಉಂಟು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಗ್ರಾಮಾಂತರ ಪ್ರದೇಶದಲ್ಲಿ 1 ಕೋಟಿ ರೂ. ಮೌಲ್ಯದ ಭಾಗ ಕೊಂಡರೆ ಮುದ್ರಾಂಕ ಶುಲ್ಕ 5,00,000, ಅದರ ಮೇಲೆ ಶೇ. 10ರ ಸೆಸ್ 50,000, ಶೇ. 3ರ ಅಧಿಭಾರ 15,000, ನೋಂದಣಿ ಶುಲ್ಕ 2,00,000, ಒಟ್ಟು 7,65,000 ರೂ. ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದರೆ ಕೊಳ್ಳುವವನು ಶೇ. 1 ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಿ ಕಟ್ಟಬೇಕು.

ಕೊಂಡ ಮೇಲೆ ಅಟ್ಟ, ಗೋಡೆ, ಮೆಟ್ಟಿಲು ಕಟ್ಟಿಸಲು ತೆತ್ತ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದೆಂದು ಕೆಲವರ ಎಣಿಕೆ. ಸ್ವಂತಕ್ಕಾಗಿ ಸ್ಥಿರಾಸ್ತಿ ಕಟ್ಟಿಸಿದ ವೆಚ್ಚಕ್ಕೆ ಕಾನೂನು ಜಮೆ ನಿರಾಕರಿಸುತ್ತದೆ. 2024ರ ಅಕ್ಟೋಬರಿನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದ ತೀರ್ಪು ಬಾಡಿಗೆಗಾಗಿ ಕಟ್ಟಿದ ಕಟ್ಟಡಗಳ ಮಟ್ಟಿಗೆ ಒಂದು ಕಿಂಡಿ ತೆರೆದಿತ್ತು. 2025ರ ಹಣಕಾಸು ಅಧಿನಿಯಮ ಅದನ್ನು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ಮುಚ್ಚಿತು. ಬೆಲೆಯ ಚೌಕಾಸಿಯಲ್ಲಿ ಈ ಶೇ. 18ನ್ನು ವೆಚ್ಚವೆಂದೇ ಹಿಡಿಯಬೇಕು.

ಕೊಳ್ಳುವ ಬದಲು ಬಾಡಿಗೆಗೆ ಹಿಡಿಯುವವರಿಗೂ ಒಂದು ಮಾತು. ನೋಂದಾಯಿತರಲ್ಲದ ಮಾಲೀಕರಿಂದ, ಅಂದರೆ ಈ ಭಾಗದಲ್ಲಿ ಬಹುಪಾಲು ರೈತ ಕುಟುಂಬಗಳಿಂದ, ವಾಣಿಜ್ಯ ಕಟ್ಟಡ ಬಾಡಿಗೆಗೆ ಪಡೆದ ನೋಂದಾಯಿತ ವರ್ತಕನು 2024ರ ಅಕ್ಟೋಬರ್ 10ರಿಂದ ತಾನೇ ಶೇ. 18 ತೆರಿಗೆ ಕಟ್ಟಬೇಕಾಗಿದೆ. ಇದಕ್ಕೆ ಜಮೆ ಸಿಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ 2025ರ ಜನವರಿ 16ರಿಂದ ಈ ಹೊಣೆಯಿಂದ ವಿನಾಯಿತಿ ದೊರೆತಿದೆ. ಒಂದು ವರ್ಷ ಮೀರುವ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ನಮ್ಮ ಅಭಿಪ್ರಾಯದಲ್ಲಿ, ಕಾಗದಪತ್ರ ಪೂರ್ತಿ ಶುದ್ಧವಿಲ್ಲದ ಗೋದಾಮನ್ನು ಬಾಡಿಗೆಗೆ ಹಿಡಿದು ಎರಡು ಮಳೆಗಾಲ, ಎರಡು ಬೇಸಿಗೆ ಕಳೆದು ನೋಡುವುದೇ ಲೇಸು. ತಗಡಿನ ಸೂರಿನಡಿಯ ಅಟ್ಟದಲ್ಲಿ ಏಪ್ರಿಲ್ ಮಧ್ಯಾಹ್ನ ಕುಳಿತು ಲೆಕ್ಕ ಬರೆಯಲು ಸಾಧ್ಯವೇ ಎಂಬುದು ಆಗಲೇ ತಿಳಿಯುವುದು.

ಕೊನೆಯದಾಗಿ ವಿಮೆ. 2021ರ ಏಪ್ರಿಲ್ 1ರಿಂದ ಒಂದು ಸ್ಥಳದಲ್ಲಿ 5 ಕೋಟಿ ರೂ. ವರೆಗಿನ ಮೌಲ್ಯಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅಲ್ಲಿಂದ 50 ಕೋಟಿ ರೂ. ವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಬಂದಿವೆ. ಶೇ. 15ರವರೆಗಿನ ಕಡಿಮೆ ವಿಮಾಮೊತ್ತವನ್ನು ಇವುಗಳಲ್ಲಿ ಮನ್ನಿಸುತ್ತಾರೆ. ಆದರೆ ಪ್ರಸ್ತಾವನೆಯಲ್ಲಿ ಬಳಕೆ ಯಾವುದೆಂದು ಬರೆದಿದ್ದೇವೋ ಆ ಬಳಕೆಗೆ ಮಾತ್ರ ರಕ್ಷಣೆ. "ಅಪಾಯಕಾರಿಯಲ್ಲದ ಸರಕಿನ ಗೋದಾಮು" ಎಂದು ಬರೆಸಿ ಅಟ್ಟದ ಮೇಲೆ ಹೊಲಿಗೆ ಘಟಕವನ್ನೋ ಸ್ಪ್ರೇ ಪೇಂಟಿಂಗನ್ನೋ ನಡೆಸಿದರೆ, ವಿಮಾ ಸಮೀಕ್ಷಕರು ಮೊದಲು ಎತ್ತುವ ಪ್ರಶ್ನೆ ಅದೇ. ಒಂದೇ ಸೂರಿನಡಿ ಆರು ಮಂದಿ ಇರುವಲ್ಲಿ ಪಕ್ಕದವರು ಏನು ದಾಸ್ತಾನು ಮಾಡುತ್ತಾರೆಂಬುದೂ ನಮ್ಮ ಕಂತನ್ನು ಬಾಧಿಸುತ್ತದೆ. ಆದ್ದರಿಂದ ನೆರೆಯ ಭಾಗಗಳಲ್ಲಿ ಥಿನ್ನರ್, ಫೋಮ್, ಪಟಾಕಿ, ಅನಿಲ ಸಿಲಿಂಡರ್ ಇಡಬಾರದೆಂಬ ಷರತ್ತನ್ನು ಎಲ್ಲ ಆರು ಕ್ರಯಪತ್ರಗಳಲ್ಲೂ ಒಂದೇ ಮಾತಿನಲ್ಲಿ ಬರೆಸಿಕೊಂಡು, ಅದರ ಪ್ರತಿಯನ್ನು ವಿಮಾ ಪ್ರಸ್ತಾವನೆಯೊಂದಿಗೆ ಲಗತ್ತಿಸಬೇಕು.